ನಾಲ್ಕು ಬೋಲ್ಟು

ಬಾತುಮೊಟ್ಟೆ ಮಾರಿದ ದುಡ್ಡು ನನ್ನದು,
ಹಾಗಾಗಿ ಎಂಜಿನ್ನೂ ನನ್ನದೇ. ಇದನ್ನು
ತೈಯಬ್ ಯಾರೆದುರೂ ಒಪ್ಪುವುದಿಲ್ಲ,
ಹ್ಯಾಂಡಲ್ ತಿರುವುವ ಮುಂಚೆ ಮಾತ್ರ
ಒಮ್ಮೆ ನನ್ನ ಕಡೆ ನೋಡುತ್ತಾನೆ.

ನಮ್ಮಲ್ಲಿ ಅದಕ್ಕೆ ಶ್ಯಾಲೋ ಅಂತಾರೆ. ಒಂದೇ ಸಿಲಿಂಡರು,
ಹನ್ನೆರಡು ಕುದುರೆಯ ಬಲವಂತೆ;
ನಾನಂತೂ ಒಂದು ಕುದುರೆಯನ್ನೂ ಹತ್ತಿರದಿಂದ ಕಂಡಿಲ್ಲ.
ಮಾಘದಲ್ಲಿ ಗದ್ದೆಯ ಬದುವಿನ ಮೇಲೆ ಕೂತು
ಹಳ್ಳದ ನೀರೆತ್ತಿ ಭತ್ತಕ್ಕೆ ಕುಡಿಸುತ್ತದೆ.
ಜ್ಯೇಷ್ಠ ದಾಟಿದರೆ ಗದ್ದೆಯೇ ಇಲ್ಲ.
ಸುನಾಮ್‌ಗಂಜಿನ ಈ ತಗ್ಗಿಗೆ ಹಾವೊರ್ ಅಂತ ಹೆಸರು,
ಆರು ತಿಂಗಳು ಇಲ್ಲಿ
ಊರುಗಳು ದ್ವೀಪ, ಹಾದಿಗಳು ಮೀನಿನವು.

ಸುಮ್ಮನೆ ಬಿಟ್ಟರೆ ಎಂಜಿನ್ನನ್ನು ತುಕ್ಕು ತಿನ್ನುತ್ತದೆ,
ನನ್ನ ತಲೆಯನ್ನು ತೈಯಬ್.
ಇಬ್ಬರನ್ನೂ ದೋಣಿಗೆ ಹಾಕಿದೆ.

ಮಾವಿನ ಹಲಗೆ, ಬಿಡಿಸಿದ ಡ್ರಮ್ಮಿನ ತಗಡು, ಸಂದಿಗೆ ಡಾಂಬರು.
ಲಾರಿಯೊಂದರ ಹಳೇ ಆಕ್ಸಲ್ಲು ಈಗ ಶಾಫ್ಟು;
ಅದು ಹೊರಬೀಳುವ ತೂತಿಗೆ
ಸೆಣಬಿನ ಹುರಿ, ಗ್ರೀಸು, ಮತ್ತೆ ಸೆಣಬು.
ಆದರೂ ಹನಿಯುತ್ತದೆ, ಕೆಳಗೊಂದು ಡಬ್ಬಿ ಇಟ್ಟಿದ್ದೇನೆ.
ಫ್ಯಾನನ್ನು ಬಿನೋದ್ ಕರ್ಮಕಾರ ಕುಲುಮೆಯಲ್ಲಿ
ಒಡೆದ ಹಡಗಿನ ತಗಡು ಕಾಯಿಸಿ ಬಡಿದ.
ಮೂರು ಎಸಳು. ಒಂದು ಸ್ವಲ್ಪ ಗಿಡ್ಡ.

ಮೊದಲ ದಿನ ಊರಿಗೆ ಊರೇ ದಡಕ್ಕೆ ಬಂದಿತ್ತು.
ತೈಯಬ್ ಬಿಸ್ಮಿಲ್ಲಾ ಅಂದು ಹ್ಯಾಂಡಲ್ ತಿರುವಿದ,
ಭಟ್ ಭಟ್ ಭಟ್ ಭಟ್, ಕರಿ ಹೊಗೆ,
ದೋಣಿ ಹೊರಟಿತು
ಹಿಂದಕ್ಕೆ,
ನೇರ ನಮ್ಮ ಬಾತುಗಳ ಗೂಡಿನೊಳಕ್ಕೆ.
ಎಸಳುಗಳನ್ನು ಉಲ್ಟಾ ತಿರುಚಿದ್ದ ಬಿನೋದ್.
ಮುಕ್ತಾರ್ ಚಾಚಾ ನಕ್ಕು ನಕ್ಕು ನೀರಿಗೇ ಬಿದ್ದ.
ಅವತ್ತಿನಿಂದ ನಮ್ಮ ದೋಣಿಗೆ ಊರಿಟ್ಟ ಹೆಸರು ಸೀಗಡಿ.

ಆಮೇಲೆ ಮುಂದೆ ಹೋಗಲು ಕಲಿಯಿತು.
ಬೆಳಿಗ್ಗೆ ಹನ್ನೊಂದು ಮಕ್ಕಳು ಶಾಲೆಗೆ,
ಮಂಗಳವಾರ ಸಂತೆ,
ಒಂದು ರಾತ್ರಿ ಮರ್ಜೀನಾಳ ಹೆರಿಗೆಗೆ:
ಹೋಗುವಾಗ ಮೂವರು, ಬರುವಾಗ ನಾಲ್ವರು.
ಎಂಜಿನ್ನಿನ ನೆತ್ತಿಯ ತೊಟ್ಟಿಯಲ್ಲಿ ನೀರು ಕುದಿಯುತ್ತಿರುತ್ತದೆ,
ಸುಮ್ಮನೆ ಯಾಕೆ ಕುದಿಯಬೇಕು, ಮೊಟ್ಟೆ ಬಿಡುತ್ತೇನೆ.
ಶಾಲೆ ಮುಟ್ಟುವಷ್ಟರಲ್ಲಿ ಬೆಂದಿರುತ್ತವೆ.
ಡೀಸೆಲ್ ವಾಸನೆ ಅಂತ ಮಕ್ಕಳು ಮೂಗು ಮುರಿಯುತ್ತಾರೆ,
ಮುರಿದುಕೊಂಡೇ ತಿಂದು ಮುಗಿಸುತ್ತಾರೆ.

ಈ ವರ್ಷ ನೀರು ಚೈತ್ರದಲ್ಲೇ ಬಂತು.
ಮೇಘಾಲಯದ ಬೆಟ್ಟ ರಾತ್ರಿಯಿಡೀ ಗುಡುಗಿತು.
ತೆನೆ ಇನ್ನೂ ಹಾಲು ತುಂಬುತ್ತಿತ್ತು.
ಕತ್ತಲಲ್ಲಿ ಸೊಂಟಮಟ್ಟ ನೀರಲ್ಲಿ
ಎಂಜಿನ್ನನ್ನು ಬಿದಿರಿಗೆ ಬಿಗಿದು ನಾಲ್ಕು ಜನ ಹೊತ್ತೆವು.
ಭತ್ತ ಹೊರಲು ನಮ್ಮಲ್ಲಿ ಬಿದಿರು ಇರಲಿಲ್ಲ.

ಆಷಾಢದಲ್ಲಿ ಒಂದು ಮಧ್ಯಾಹ್ನ, ನಡುನೀರಿನಲ್ಲಿ,
ಎಂಜಿನ್ನು ಉಬ್ಬಸಪಟ್ಟು ನಿಂತಿತು.
ನಾನೇ ಇಳಿದೆ, ಮುಳುಗಿ ಕೈಯಾಡಿಸಿದೆ.
ಎಸಳಿಗೆ ಹುಲ್ಲು ಸುತ್ತಿಕೊಂಡಿತ್ತು, ಎಳೆದೆಳೆದು ಬಿಡಿಸಿದೆ.
ಹುಲ್ಲಲ್ಲ. ಕಂದಿದ ಭತ್ತದ ದಂಟು,
ಒಂದರ ತುದಿಯಲ್ಲಿ ಜೊಳ್ಳು ತೆನೆ.
ತಲೆಯೆತ್ತಿ ನೋಡಿದೆ: ಎಡಕ್ಕೆ ಮಸೀದಿಯ ಮಿನಾರು,
ಎದುರಿಗೆ ನೀರಿನಿಂದ ಕತ್ತು ಚಾಚಿದ ಹಿಜಲ್ ಮರ,
ನಡುವೆ, ನನ್ನ ಕಾಲ ಕೆಳಗೆ, ನಮ್ಮದೇ ಗದ್ದೆ.
ಇದೇ ಶ್ಯಾಲೋ ಇಡೀ ಮಾಘ ನೀರುಣಿಸಿದ್ದು ಇದಕ್ಕೇ.
ತಾನು ಸಾಕಿದ್ದೇ ಬಂದು ಕಾಲು ಹಿಡಿದಂತೆ.

ಏನದು, ಅಂದ ತೈಯಬ್ ಮೇಲಿನಿಂದ.
ಹುಲ್ಲು, ಅಂದೆ.

ಈಗ ಕಾರ್ತಿಕ. ನೀರು ಇಳಿಯುತ್ತಿದೆ.
ನಾಲ್ಕು ಬೋಲ್ಟು ಬಿಚ್ಚಿದರೆ ದೋಣಿ ಬರೀ ಹಲಗೆ,
ಅವನ್ನೇ ಬದುವಿನ ಮೇಲೆ ಬಿಗಿದರೆ ಪಂಪು.
ಮೂರು ಸಿಕ್ಕಿವೆ.
ನಾಲ್ಕನೆಯದಕ್ಕೆ ಲಾಯ್ಲಿ ತಳದ ಕೊಚ್ಚೆಯಲ್ಲಿ
ಮೊಣಕೈತನಕ ಕೈ ಇಳಿಬಿಟ್ಟಿದ್ದಾಳೆ.
ಸಿಕ್ಕಿತಮ್ಮಾ, ಅನ್ನುತ್ತಾಳೆ, ಮುಷ್ಟಿ ಬಿಚ್ಚುತ್ತಾಳೆ:
ಮೊಟ್ಟೆಯ ಚಿಪ್ಪು.