ಮೂರನೇ ಮೂಲಿ

ಉದ್ಯಮಬಾಗದಾಗ ಎರಡನೇ ಪಾಳಿ.
ಚಕ್ಕಿನಾಗ ನಿಕ್ಕಲ್ ಬೆರೆಸಿದ ಉಂಗುರ,
ಕೆಡಿಸಿದರ ನನ್ನ ಮೂರು ತಿಂಗಳ ಪಗಾರ.

ಬೀಡು ಸಜ್ಜನ ಇತ್ತು.
ಕಡದರ ಪುಡಿಪುಡಿ ಉದರತಿತ್ತು,
ಕೈ ಕರ್ರಗ ಮಾಡಿ ಬಿಟ್ಟುಬಿಡತಿತ್ತು.
ಇದು ಹಂಗಲ್ಲ. ಕಡದಷ್ಟೂ ಗಟ್ಟಿ ಆಗತೈತಿ,
ತನ್ನ ಕಾವು ತಾ ಇಟಗೊಳ್ಳಂಗಿಲ್ಲ,
ಅಲಗಿನ ತುದಿಗೇ ಉಣಿಸತೈತಿ.

ಭೂತಗನ್ನಡಿ ಹಿಡದು ನೋಡಿದೆ:
ಪಕ್ಕಕ್ಕ ಹೊಳಿಯೋ ಒಂದು ಗೆರಿ,
ಸಾಸಿವಿ ಕಾಳಿನ ಕಾಲುಭಾಗ ಇಲ್ಲ.
ಅದರ ಮ್ಯಾಲ ಇಲಿ ಕಡದಂಥಾ ಕಚ್ಚು.
"ಇನ್ನೊಂದು ಪೀಸ್ ಎಳಿ" ಅಂದ ಸುಪರ್ವೈಜರ್.
ಗ್ವಾಡಿಗೆ ಹಚ್ಚಿದ ಲೆಕ್ಕದ ಹಾಳಿನೂ ಅದನ್ನ ಅಂತಿತ್ತು.

ನೇಮಣ್ಣ ಚೌಗಲಾ ಹಿಂದ ನಿಂತಿದ್ದ.
ಬಲಗಿವಿ ಹೋಗಿ ಹತ್ತು ವರ್ಷ;
ಎಡಗಿವಿ ಮಷೀನಿನ ಬಾಗಲಕ್ಕ ಹಚ್ಚಿ
"ಕೇಳು, ಮಾತು ಬದಲಾತು" ಅಂದ.
ನನಗ ಬರೇ ಕೂಲಂಟ್ ಸುರಿಯೋದು ಕೇಳತಿತ್ತು.

ಆದರೂ ನಿಲ್ಲಿಸಿದೆ.
ಸ್ಕ್ರೂ ಸಡಲ ಮಾಡಿ ಇನ್ಸರ್ಟ್ ತಿರುವಿದೆ.
ಸವದ ಮೂಲಿ ಬೆರಳಿಗೆ ಚುಚ್ಚಲಿಲ್ಲ,
ಹಲ್ಲಿಲ್ಲದ ಕೂಸಿನ ಒಸಡಿನಂಗ ಹತ್ತಿತು.
ಮತ್ತ ಚುರಿ ಬಂತು, ಬೆಳ್ಳಗ,
ಶಾವಿಗಿ ಮುರದಂಗ.

ರಾತ್ರಿ ಹನ್ನೊಂದಕ್ಕ ಗೇಟಿನಾಗ
ಹಾಜರಿ ಯಂತ್ರ ನೇಮಣ್ಣನ ಹೆಬ್ಬೆಟ್ಟು ಒಲ್ಲೆ ಅಂತು.
ಮೂವತ್ತೊಂದು ವರ್ಷ ಅಂಚು ಸವರಿ ಸವರಿ
ಅದರ ಗೆರಿ ಎಲ್ಲಾ ಅಳಿಸಿ ಹೋಗ್ಯಾವು.
ತೋರುಬೆರಳು ಇಟ್ಟ. ಕೆಂಪು ದೀಪ.
ಅಂಗಿಗೆ ಒರಸಿ ನಡುಬೆರಳು ಇಟ್ಟ. ಹಸರು.

"ಮೂರನೇ ಮೂಲಿ" ಅಂದ ನಕ್ಕೋತ,
ಬುತ್ತಿ ಡಬ್ಬಿ ಬಗಲಾಗ ಹಿಡಕೊಂಡು
ಖಾನಾಪುರ ಬಸ್ಸಿಗೆ ಓಡಿದ.