ಮೂವತ್ತು ವಾಟ್

ಬೆಟಗೇರಿಯ ನಮ್ಮ ಮನಿಗೆ ಮೀಟರ್ ಒಂದಽ.
ಅದರ ಮ್ಯಾಲೆ ಎರಡು ಮಗ್ಗ, ಒಂದು ಮಿಕ್ಸಿ,
ನಾನು, ಮತ್ತ ನನ್ನ ಮೂರು ಪರದಿ.
ಎಡಕ್ಕ ದಡಿ. ನಡುವ ಒಡಲು. ಬಲಕ್ಕ ಸೆರಗು.

ಹಳೇ ಕಾರ್ಡು ಮೈದುನಂದು, ಆಟ ಆಡಾಕ ತಂದಿದ್ದ.
ಎರಡು ಫ್ಯಾನು, ಕೆಂಪು ದೀಪ,
ಅದು ಎದ್ದು ಕೂತರ ಇನ್ವರ್ಟರ್ ಉಸ್ಸಂತಿತ್ತು.
ಒಂದು ಶುಕ್ರವಾರ ಸುಟ್ಟ ವಾಸನಿ ಬಂತು.
ಬಿಚ್ಚಿ ನೋಡಿದ್ರ ಫ್ಯಾನಿನೊಳಗ ಗುಬ್ಬಿಗೂಡು:
ಮಗ್ಗದ ಜುಂಗು, ಐದು ಬಣ್ಣದ್ದು.
ಯಾವ ಬಣ್ಣ ಯಾವ ಸೀರಿದು ಅಂತ
ನನಗ ಹೇಳಾಕ ಬರತಿತ್ತು.

ಜುಂಗು ಪೊಟ್ಟಣ ಕಟಗೊಂಡು ಹುಬ್ಬಳ್ಳಿ ರೈಲು ಹತ್ತಿದೆ.
ಕಿಟಕಿಯಾಚೆ ಗಾಳಿಯಂತ್ರ ನಿಧಾನ ತಿರಗತಿದ್ವು,
ನಮ್ಮ ಮೀಟರಿಗೂ ತಮಗೂ ಸಂಬಂಧಽ ಇಲ್ಲದಂಗ.

ಮೊದಲನೇ ಅಂಗಡಿಯಾಂವ
ಇಟ್ಟಂಗಿಯಷ್ಟು ದಪ್ಪನ ಕಾರ್ಡು ಮುಂದಿಟ್ಟು ಕೇಳಿದ:
ಯಾವ ಆಟ ಆಡ್ತೀರಿ ಮೇಡಂ?
ಸೀರಿ ಡಿಸೈನ್ ಅಂದೆ.
ಅವನಿಗೆ ಆ ಆಟ ಗೊತ್ತಿರಲಿಲ್ಲ.

ಎರಡನೇದು ಮೆಟ್ಟಲ ಕೆಳಗಿನ ಅಂಗಡಿ, ದಾವಲಸಾಬ ನದಾಫಂದು.
ಪೊಟ್ಟಣ ಬಿಚ್ಚಿಟ್ಟೆ.
ಎರಡು ಬೆರಳಿನಾಗ ತಿಕ್ಕಿ ನೋಡಿ,
ಅರ್ಧ ಹತ್ತಿ, ಅರ್ಧ ಆರ್ಟ್ ರೇಷ್ಮಿ, ಅಂದ.
ನಮ್ಮಜ್ಜ ಬಿಲ್ಲು ಹೊತ್ತು ಓಣಿ ಓಣಿ ಗಾದಿ ಹಿಂಜಾಂವ.
ಅರಳಿ ಎಲ್ಲೆಲ್ಲಿ ಹೊಗತೈತಿ ಅಂತ ನನಗ ಹೇಳಬ್ಯಾಡ್ರಿ ಅಕ್ಕಾರ,
ಗಾಳಿ ಜಗ್ಗೂವಂಥಾದ್ದು ನಿಮ್ಮ ಮನಿಗೆ ಬ್ಯಾಡ.
ಫ್ಯಾನ್ ಇಲ್ಲದ್ದು ಒಯ್ರಿ.

ಅಂಗೈಯಗಲದ್ದು.
ಬೆನ್ನ ತುಂಬ ಅಲ್ಯೂಮಿನಿಯಂ ಹಲ್ಲು,
ನಮ್ಮ ಮಗ್ಗದ ಹಣಗಿಗತೆ ಸಾಲಾಗಿ.
ಮೂವತ್ತು ವಾಟ್. ಬ್ಯಾರೆ ವೈರ್ ಕೇಳೂದಿಲ್ಲ,
ಬೋರ್ಡು ಬಡಿಸಿದಷ್ಟ ಉಣ್ತೈತಿ.
ಆದ್ರ ಇದರ ಮ್ಯಾಲೆ ಆಟ ಓಡೂದಿಲ್ರಿ, ಮೊದಲಽ ಹೇಳೀನಿ.
ಓಡೂದು ಯಾರಿಗೆ ಬೇಕು, ಅಂದೆ,
ಗೆರಿ ನಿಂತಲ್ಲಿ ನಿಂತರ ಸಾಕು.

ಒಂಬತ್ತು ಸಾವಿರದ ಎಂಟುನೂರು ಅಂದ.
ಒಂಬತ್ತಕ್ಕ ಇಳಿಯೂದರಾಗ ಎರಡು ಚಹಾ ಆದ್ವು.
ಮೂರನೇ ಮಾನಿಟರು ನಮ್ಮದು ಮುದುಕ, ನೀಲಿ ಮೂತಿದು,
ಅದಕ್ಕೊಂದು ಕನ್ವರ್ಟರ್, ಆರುನೂರು.
ಅದರಾಗ ಮಾತ್ರ ಒಂದು ರೂಪಾಯಿ ಬಿಡಲಿಲ್ಲ.

ಮನ್ಯಾಗ ಮಾವಾರು ಕಾಯಕೋತ ಕೂತಿದ್ರು.
ಜಕಾರ್ಡಿಗೆ ನಲವತ್ತು ವರ್ಷ ರಟ್ಟು ಹೊಡದ ಕೈ,
ಒಂದು ಹೂವಿಗೆ ಆರುನೂರು ಕಾರ್ಡು.
ಕಾರ್ಡು ಅಂದ ಕೂಡಲೆ ಕನ್ನಡಕ ತಡವಿದ್ರು,
ಕಿಟಕಿ ಬೆಳಕಿಗೆ ಹಿಡದ್ರು.
ಬೆಳಕು ದಾಟಲಿಲ್ಲ.
ತೂತಽ ಇಲ್ಲಲ್ಲವಾ ಇದಕ್ಕ?
ತಿರುವಿ ತೋರಿಸಿದೆ, ಪಟ್ಟಿಯೊಳಗ ನಾಲ್ಕು.
ನಾಲ್ಕಽ?
ನಾಲ್ಕು ತೂತಿನಾಗ ಎಂಥಾ ಹೂವು ಬಂದೀತು!

ಚಾಲೂ ಮಾಡಿದೆ. ಸದ್ದಿಲ್ಲ.
ಸದ್ದಿಲ್ಲದ್ದಕ್ಕ ಗಾಬರಿಯಾಗಿ ಡಬ್ಬಿಗೆ ಕೈ ಹಚ್ಚಿದೆ.
ಬೆಚ್ಚಗಿತ್ತು,
ಉಂಡು ಮಲಗಿದ ಬೆಕ್ಕಿನ ಹೊಟ್ಟಿಯಷ್ಟು.
ದಡಿ ಬಂತು, ಒಡಲು ಬಂತು,
ಮುದುಕ ಒಂದೀಟು ತಡಮಾಡಿ ಸೆರಗು ಹಾಸಿದ,
ಅವನ ಕೆಂಪು ಉಳಿದವರ ಕೆಂಪಿಗಿಂತ ಒಂದು ಮುಷ್ಟಿ ಅರಿಷಿಣ ಹೆಚ್ಚು.
ಕೆಳಗ ಮಗ್ಗ ಎದ್ದಿತು.
ಇನ್ವರ್ಟರ್ ಸುಮ್ಮನಿತ್ತು.

ಒಂದ ತಕರಾರು ಉಳೀತು.
ಎರಡು ಮಾನಿಟರಿನ ನಡುವ ಬೆರಳಗಲ ಕರೇ ಚೌಕಟ್ಟು,
ಒಡಲಿನಿಂದ ಸೆರಗಿಗೆ ಹಾರೂ ಗಿಳಿ
ಕುತ್ತಿಗಿ ಕಳಕೊಳ್ಳೂದು ಅಲ್ಲೇ.
ಫೋನ್ ಹಚ್ಚಿದ್ರ ನದಾಫ ನಕ್ಕ:
ಅದು ಕಾರ್ಡಿನ ಕೆಲಸ ಅಲ್ರಿ.
ಮಾವಾರು ಆ ಸಂದಿನ ಮ್ಯಾಲೆ ಹೆಬ್ಬೆರಳಾಡಿಸಿ
ಒಡಲಿಗೆ ಸೆರಗು ಕೂಡಸೂದು
ಯಾವಾಗಿದ್ರೂ ಕೈಲೇ ಬಿಡವಾ, ಅಂದ್ರು.

ಆಮ್ಯಾಲೆ ಅಟ್ಟದ ಗಂಟಿನಿಂದ ಒಂದು ಹಳೇ ರಟ್ಟು ಇಳಿಸಿ
ಕತ್ತರಿಲೇ ಕೊರದು
ಖಾಲಿ ಉಳಿದ ನಾಲ್ಕನೇ ತೂತಿಗೆ ತುರುಕಿದ್ರು,
ಜುಂಗು ಹೊಗಬಾರದಂತ.
ಈಗೂ ಐತಿ ಅಲ್ಲೇ.
ಬಗ್ಗಿ ನೋಡಿದ್ರ ಅದರ ಅಂಚಿಗೆ
ಯಾವುದೋ ಹೂವಿನ ಅರ್ಧ ತೂತು ಕಾಣಸ್ತೈತಿ.