ಯಾವಾಗ

ಮತ್ರಾದ ಹಿಂದಿನ ಓಣಿ, ಮೂರನೇ ಮಹಡಿ.
ಎಸಿಗೆ ಗ್ಯಾಸು ತುಂಬಿ ಕೈ ಒರೆಸಿಕೊಂಡೆ.
ಉಮ್ ಸಾಲಿಂ ಖಹ್ವಾ ಬಗ್ಗಿಸಿದಳು,
ಖಾಲಿ ಮಾಡಿದಷ್ಟೂ ಬಗ್ಗಿಸಿದಳು.
ಕೊಟ್ಟದ್ದನ್ನು ಉಳಿಸಬಾರದೆಂದು ಅಮ್ಮ ಹೇಳಿದ್ದು;
ಬಟ್ಟಲು ಅಲ್ಲಾಡಿಸಿದರೆ ಸಾಕೆಂದರ್ಥ ಅಂತ
ಯಾರೂ ಹೇಳಿರಲಿಲ್ಲ.
ಏಳನೆಯದಕ್ಕೆ ಮೊಮ್ಮಗ ಗೈತ್
ತನ್ನ ಖಾಲಿ ಬಟ್ಟಲು ಅಲ್ಲಾಡಿಸಿ ತೋರಿಸಿದ, ನಗು ತಡೆಯಲಾರದೆ.

ಹೊಸಿಲಲ್ಲಿ ಚಪ್ಪಲಿ ಹುಡುಕುತ್ತ
'ಹೋಗ್ತೇನೆ' ಅನ್ನಲು ನಾಲಿಗೆ ಏಳಲಿಲ್ಲ.
ಹೋಗುವವರು ಹಾಗೆ ಹೇಳುವುದುಂಟೆ?
ನನ್ನ ಮುರುಕು ಅರಬಿಯಲ್ಲಿ
'ಬರ್ತೇನೆ' ಅಂದೆ.
'ಯಾವಾಗ?' ಅಂದಳು.

ನಮ್ಮ ಕಡೆ ಇದನ್ನು ಯಾರೂ ಕೇಳುವುದಿಲ್ಲ.
ತಡವರಿಸಿ, ಸೋಮವಾರ, ಅಂದುಬಿಟ್ಟೆ.

ಸೋಮವಾರ ಬಾಗಿಲು ತೆರೆದೇ ಇತ್ತು,
ತಟ್ಟೆ ತುಂಬ ಖರ್ಜೂರ.
ಎಸಿ ತಣ್ಣಗೆ ಓಡುತ್ತಿತ್ತು, ಆದರೂ
ಫಿಲ್ಟರು ಬಿಚ್ಚಿ ತೊಳೆದದ್ದನ್ನೇ ತೊಳೆದೆ.
ಎರಡು ಬಟ್ಟಲಾದ ಮೇಲೆ ಅಲ್ಲಾಡಿಸಿದೆ.
ಆಮೇಲೆ ಗೈತ್‌ಗೆ, ಅರ್ಧ ಹಿಂದಿ, ಅರ್ಧ ಕೈಸನ್ನೆ,
ನಮ್ಮಲ್ಲಿ ಹೊರಡುವ ಮಾತು ಇದೇ ಎಂದು ಬಿಡಿಸಿ ಹೇಳಿದೆ.
ಅವನು ಅಜ್ಜಿಗೆ ಹೇಳಿದ.
ಅವಳು ತುಂಬ ಹೊತ್ತು ಸುಮ್ಮನಿದ್ದಳು.

ಹೊರಟಾಗ
ಬಾಗಿಲ ಚೌಕಟ್ಟು ಹಿಡಿದು, ಎಲ್ಲಿಗೂ ಹೋಗದವಳು,
ಕಲ್ಲುಸಕ್ಕರೆಯಂತೆ ಬಾಯಲ್ಲಿ ಹೊರಳಿಸಿ
ಕನ್ನಡದಲ್ಲೇ ಅಂದಳು: 'ಬರ್ತೇನೆ.'

ಯಾವಾಗ ಎಂದು ನಾನು ಕೇಳಲಿಲ್ಲ.